ಬೆರಳಿಗೆ ಸಿಕ್ಕ ಚುಕ್ಕೆಗಳು

2018ರ ಮೇ 12ರಂದು ತುಮಕೂರಿನ ನಮ್ಮ ಬೂತಿನಲ್ಲಿ ಶಾಯಿ ಹಚ್ಚಿಸಿಕೊಂಡವಳು ನಾನು, ಗುಂಡಿ ಒತ್ತಿದವರು ನಮ್ಮ ಯಜಮಾನರು. ನನಗೆ ಹುಟ್ಟಿನಿಂದ ಕಣ್ಣು ಕಾಣಿಸುವುದಿಲ್ಲ. "ಜೊತೇಲಿ ಬಂದೋರೇ ಒತ್ಲಿ ಬಿಡಮ್ಮ, ಹಿಂದೆ ಜನ ನಿಂತಿದಾರೆ" ಅಂದರು ಅಲ್ಲಿದ್ದ ಅಧಿಕಾರಿ.

"ನೀನು ಹೇಳಿದೋರಿಗೇ ಒತ್ತಿದೀನಿ ಕಣೆ" ಅಂದರು ಇವರು, ಹೊರಗೆ ಬಂದು. ಸುಳ್ಳು ಹೇಳುವ ಮನುಷ್ಯರಲ್ಲ. ಆದರೂ ನನ್ನ ಓಟು ಎಲ್ಲಿಗೆ ಬಿತ್ತೆಂದು ಗೊತ್ತಿದ್ದದ್ದು ಅವರಿಗೆ, ನಾನು ನಂಬಬೇಕಾಗಿತ್ತು, ಅಷ್ಟೆ. ಆ ಸಂಕಟ ಬಹಳ ದಿನ ಇತ್ತು.

ಆಮೇಲೆ ಚುನಾವಣೆಯ ನಿಯಮ ಓದಿಸಿಕೊಂಡೆ. 49ಎನ್ ಅಂತ ಅದರ ಸಂಖ್ಯೆ. ತಾವಾಗಿ ಓಟು ಹಾಕಲು ಆಗದ ಅಂಧರು, ಅಶಕ್ತರು 18 ತುಂಬಿದ ಒಬ್ಬರನ್ನು ಒಳಗೆ ಕರೆದೊಯ್ಯಬಹುದು. ಹಾಗೆ ಬಂದವರು ಗುಟ್ಟು ಬಿಡುವುದಿಲ್ಲವೆಂದು ಬರೆದುಕೊಡಬೇಕು, ಅವತ್ತು ಇನ್ನೊಬ್ಬರ ಜೊತೆ ಹೋಗುವಂತಿಲ್ಲ. ಕರೆದೊಯ್ಯಲೇಬೇಕು ಅಂತ ಎಲ್ಲೂ ಇಲ್ಲ!

2023ರ ಮೇ 10ರಂದು ಒಬ್ಬಳೇ ಒಳಗೆ ಹೋಗಿ ಬ್ರೈಲ್ ಹಾಳೆ, ಅಂದರೆ ಬೆರಳಿನಿಂದ ಓದುವ ಉಬ್ಬು ಚುಕ್ಕೆಗಳ ಹಾಳೆ, ಕೇಳಿದೆ. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಚೀಲ ತಡಕಿದ ಸದ್ದು, ಲಕೋಟೆ ಹರಿದ ಸದ್ದು. ಹಾಳೆ ಕೈಗೆ ಬಂತು. ಅಭ್ಯರ್ಥಿಗಳ ಹೆಸರನ್ನು ಒಂದೊಂದಾಗಿ, ಅವಸರವಿಲ್ಲದೆ ಓದಿದೆ. ನನಗೆ ಬೇಕಾದವರ ಕ್ರಮಸಂಖ್ಯೆ ಮನಸ್ಸಿನಲ್ಲಿಟ್ಟುಕೊಂಡು ಯಂತ್ರದ ಮುಂದೆ ನಿಂತೆ. ಗುಂಡಿಗಳ ಬಲಗಡೆ ಮೇಲಿಂದ ಕೆಳಗೆ ಸಣ್ಣ ಸಣ್ಣ ಚುಕ್ಕೆಗಳು. ತೋರುಬೆರಳು ಇಳಿಯುತ್ತಾ ಬಂದು ಆ ಸಂಖ್ಯೆಯ ಮೇಲೆ ನಿಂತಿತು. ತಪ್ಪಬಾರದೆಂದು ಮತ್ತೆ ಮೇಲಿಂದ ಎಣಿಸಿಕೊಂಡು ಬಂದೆ. ಒತ್ತಿದೆ. ಬೀಪ್ ಸದ್ದು ಉದ್ದಕ್ಕೆ ಕೇಳಿಸಿತು. ಕಣ್ಣಲ್ಲಿ ನೀರು ಬಂದದ್ದನ್ನು ಸೆರಗಿನಲ್ಲಿ ಒರೆಸಿಕೊಂಡೆ.

ಹೊರಗೆ ಇವರು "ಯಾರಿಗೆ ಹಾಕ್ದೆ?" ಅಂದರು. ಹೇಳಲಿಲ್ಲ. ಅವರೂ ಮತ್ತೆ ಕೇಳಲಿಲ್ಲ.

ಇನ್ನೊಂದು ಕೊರತೆ ಉಳಿದಿದೆ. ಓಟು ಹಾಕಿದ ಮೇಲೆ, ಅದು ಯಾರಿಗೆ ಬಿತ್ತೆಂದು ಚೀಟಿ ಮುದ್ರಿಸುವ ವಿವಿಪ್ಯಾಟ್ ಯಂತ್ರದ ಗಾಜಿನ ಹಿಂದೆ 7 ಸೆಕೆಂಡು ಆ ಚೀಟಿ ಕಾಣಿಸುತ್ತದೆ, ಕಣ್ಣಿದ್ದವರು ಖಾತ್ರಿ ಮಾಡಿಕೊಳ್ಳುತ್ತಾರೆ. ನನಗೆ ಆ 7 ಸೆಕೆಂಡು ಬರೀ ಮೌನ. 2024ರ ಏಪ್ರಿಲ್ 26ರಂದು ಲೋಕಸಭೆ ಚುನಾವಣೆಯಲ್ಲೂ ಹಾಗೇ ಆಯಿತು. ಚೀಟಿಯಲ್ಲಿರುವುದನ್ನು ನಮ್ಮ ಕಿವಿಗೆ ಮಾತ್ರ ಓದಿ ಹೇಳುವ ವ್ಯವಸ್ಥೆ ಬೇಕೆಂದು ಚುನಾವಣಾ ಆಯೋಗಕ್ಕೆ ಕಾಗದ ಬರೆದಿದ್ದೇನೆ. ಮೇಲೆ ನನ್ನ ಬ್ರೈಲ್, ಕೆಳಗೆ ಮಗಳ ಕೈಬರಹ.