ಲೆಕ್ಕಕ್ಕೆ ಸಿಗದ ಗ್ಯಾಸ್ ಎಲ್ಲಾ ಸೋರಿದ್ದಲ್ಲ

ಇಂಗ್ಲೆಂಡಿನಲ್ಲಿ ಮನೆಗೆ ಬರುವ ಗ್ಯಾಸ್ ಬಿಲ್ಲಿನ ಹಿಂದಿನ ಪುಟ ಯಾರೂ ಓದುವುದಿಲ್ಲ. ನಾನು ಓದುತ್ತೇನೆ. ಮೀಟರ್ ತೋರಿಸಿದ ಘನ ಮೀಟರನ್ನು 1.02264ರಿಂದ ಗುಣಿಸಿ, ಮತ್ತೆ 39ರ ಆಸುಪಾಸಿನ ಇನ್ನೊಂದು ಅಂಕಿಯಿಂದ ಗುಣಿಸಿ, 3.6ರಿಂದ ಭಾಗಿಸಿರುತ್ತಾರೆ. ಆ 39 ಇದೆಯಲ್ಲ, ಅದು ಗ್ಯಾಸಿನ ಕಸುವು. ಒಂದು ಘನ ಮೀಟರ್ ಉರಿದರೆ ಎಷ್ಟು ಮೆಗಾಜೂಲ್ ಶಾಖ ಬರುತ್ತದೆ ಅನ್ನುವುದು.

ಊರಲ್ಲಿ ಅಮ್ಮ ಡೇರಿಗೆ ಹಾಲು ಹಾಕುತ್ತಿದ್ದರು. ಲೀಟರ್ ಅಳೆದರೂ ದುಡ್ಡು ಫ್ಯಾಟ್ ನೋಡಿಯೇ. ಗ್ಯಾಸೂ ಹಾಗೇ. ಅಳೆಯುವುದು ಗಾತ್ರ, ಮಾರುವುದು ಶಕ್ತಿ.

ಬ್ರಿಟನ್ನಿನ ದೊಡ್ಡ ಪೈಪ್‌ಲೈನ್ ಜಾಲ ಸುಮಾರು 7,600 ಕಿ.ಮೀ. ಇದೆ. ಸೇಂಟ್ ಫರ್ಗಸ್, ಬ್ಯಾಕ್ಟನ್‌ನಂಥ ಕಡಲತೀರದ ಟರ್ಮಿನಲ್‌ಗಳಲ್ಲಿ ಗ್ಯಾಸ್ ಒಳಗೆ ಬರುತ್ತದೆ, ಊರುಗಳ ಕಡೆ ಮತ್ತು ವಿದ್ಯುತ್ ಸ್ಥಾವರಗಳ ಕಡೆ ಹೊರಗೆ ಹೋಗುತ್ತದೆ. ದಿನದ ಲೆಕ್ಕ ಬೆಳಗಿನ ಜಾವ 5 ಗಂಟೆಗೆ ಮುಗಿಯುತ್ತದೆ. ಬಂದದ್ದರಲ್ಲಿ ಹೋದದ್ದನ್ನು ಕಳೆಯಿರಿ, ಗ್ಯಾಸನ್ನು ಒತ್ತಿ ಮುಂದಕ್ಕೆ ತಳ್ಳುವ ಕಂಪ್ರೆಸರ್ ಯಂತ್ರಗಳು ಉರಿಸಿಕೊಂಡದ್ದನ್ನು ಕಳೆಯಿರಿ, ಪೈಪಿನೊಳಗೇ ನಿಂತಿರುವ ಗ್ಯಾಸ್ ನಿನ್ನೆಗಿಂತ ಎಷ್ಟು ಹೆಚ್ಚಾಗಿದೆಯೋ ಅದನ್ನೂ ಕಳೆಯಿರಿ. ಸೊನ್ನೆ ಬರಬೇಕು ಅಲ್ವಾ? ಬರುವುದಿಲ್ಲ. ಕೆಲವು ದಿನ ಮೈನಸ್ ಬರುತ್ತದೆ, ಅಂದರೆ ಬಂದದ್ದಕ್ಕಿಂತ ಹೋದದ್ದೇ ಜಾಸ್ತಿ! ಸೋರಿಕೆಯೊಂದೇ ಕಾರಣವಾಗಿದ್ದರೆ ಮೈನಸ್ ಬರಲು ಸಾಧ್ಯವೇ ಇಲ್ಲ.

ಹಾಗಾದರೆ ತಪ್ಪು ಎಲ್ಲಿ? ಜಾಸ್ತಿ ಪಾಲು ಮೀಟರಿನಲ್ಲಿ. ಹಳೆಯ ಬಗೆಯ ಮೀಟರಿನಲ್ಲಿ ಪೈಪಿಗೆ ಅಡ್ಡಲಾಗಿ ಒಂದು ಉಕ್ಕಿನ ತಟ್ಟೆ ಕೂತಿರುತ್ತದೆ, ನಡುವೆ ದುಂಡನೆ ತೂತು. ತಟ್ಟೆಯ ಹಿಂದೆ ಮುಂದೆ ಒತ್ತಡ ಎಷ್ಟು ವ್ಯತ್ಯಾಸ ಅಂತ ನೋಡಿ ಹರಿವನ್ನು ಲೆಕ್ಕ ಹಾಕುತ್ತಾರೆ. ತೂತಿನ ಅಂಚು ಒಂದು ಕಡೆ ಚೂಪು, ಇನ್ನೊಂದು ಕಡೆ ಇಳಿಜಾರು. ಚೂಪು ಕಡೆ ಗ್ಯಾಸ್ ಬರುವ ದಿಕ್ಕಿಗೆ ಇರಬೇಕು. ತಟ್ಟೆಯನ್ನು ತಿರುಗುಮುರುಗು ಕೂರಿಸಿದರೆ ಮೀಟರ್ ಕಡಿಮೆ ತೋರಿಸುತ್ತದೆ, ಅಂಚು ಸವೆದರೂ ಅಷ್ಟೇ. ಗ್ಯಾಸ್ ಹೊರಗೆ ಹೋಗುವ ಜಾಗದಲ್ಲಿ ಹೀಗಾದರೆ ಗ್ಯಾಸ್ ಕಳೆದುಹೋದಂತೆ ಕಾಣುತ್ತದೆ, ಒಳಗೆ ಬರುವ ಜಾಗದಲ್ಲಾದರೆ ಪೈಪಿನಲ್ಲೇ ಹುಟ್ಟಿದಂತೆ ಕಾಣುತ್ತದೆ. ಒಂದು ದಿನ ಹೆಚ್ಚು, ಒಂದು ದಿನ ಕಮ್ಮಿ ತೋರಿಸುವ ಮೀಟರಿನ ತಪ್ಪು ತಿಂಗಳಲ್ಲಿ ತಾನೇ ಸರಿಹೋಗುತ್ತದೆ. ಒಂದೇ ಕಡೆ ವಾಲಿದ್ದು ಮಾತ್ರ ದಿನದಿನವೂ ಕೂಡುತ್ತಾ ಹೋಗುತ್ತದೆ.

ಇನ್ನೊಂದು ಬಗೆಯ ನಷ್ಟ ಹುಟ್ಟುವುದು ನಿಯಮದಿಂದಲೇ. ಒಂದು ಪ್ರದೇಶಕ್ಕೆ 39.5ರ ಗ್ಯಾಸ್ ಬರುತ್ತಿದೆ, ಜೊತೆಗೆ ಸಗಣಿ, ಉಳಿದ ಊಟದಿಂದ ಮಾಡಿದ 37ರ ಬಯೋಮೀಥೇನ್ ಸ್ವಲ್ಪ ಸೇರುತ್ತಿದೆ ಅಂದುಕೊಳ್ಳಿ. ಸರಾಸರಿ 39.4ರ ಹತ್ತಿರ. ತೆಳು ಗ್ಯಾಸ್ ಸಿಗುವ ಬೀದಿಯವರಿಗೆ ಆ ಸರಾಸರಿಯಲ್ಲಿ ಬಿಲ್ ಹಾಕಿದರೆ ಅವರಿಗೆ ಮೋಸ. ಅದಕ್ಕೇ 1990ರ ದಶಕದ ಒಂದು ನಿಯಮವಿದೆ: ಅತಿ ಕಡಿಮೆ ಕಸುವಿನ ಗ್ಯಾಸಿಗಿಂತ 1 ಮೆಗಾಜೂಲ್‌ಗಿಂತ ಜಾಸ್ತಿ ಹಾಕುವಂತಿಲ್ಲ. ಆ ದಿನ ಇಡೀ ಪ್ರದೇಶಕ್ಕೆ 38ರ ಲೆಕ್ಕ. ನೂರಕ್ಕೆ ಮೂರೂವರೆ ಪಾಲು ಶಕ್ತಿ ಮನೆಗಳಲ್ಲಿ ಉರಿದೂ ಬಿಲ್ಲಿಗೆ ಬರಲಿಲ್ಲ. ಹೀಗಾಗದಿರಲಿ ಅಂತ ಬಯೋಮೀಥೇನ್‌ಗೆ ಪ್ರೊಪೇನ್ ಬೆರೆಸಿ ಕಸುವು ಏರಿಸುತ್ತಾರೆ. ಹಸಿರು ಗ್ಯಾಸಿಗೆ ಪೆಟ್ರೋಲಿಯಂ ಗ್ಯಾಸ್ ಸೇರಿಸುವುದು ನನಗೆ ಸರಿ ಕಾಣುವುದಿಲ್ಲ.

ಇವನ್ನೆಲ್ಲ ಒಂದೇ 'ನಷ್ಟ' ಅಂತ ಕರೆಯುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಈ ಗ್ಯಾಸಿನಲ್ಲಿ ಬಹುಪಾಲು ಇರುವುದು ಮೀಥೇನ್. ನಿಜವಾಗಿ ಸೋರಿದ ಮೀಥೇನ್ 20 ವರ್ಷದ ಲೆಕ್ಕದಲ್ಲಿ ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ 80 ಪಟ್ಟಿಗೂ ಜಾಸ್ತಿ ಭೂಮಿಯನ್ನು ಬಿಸಿ ಮಾಡುತ್ತದೆ. ಮೀಟರ್ ತಪ್ಪಿನ ದೊಡ್ಡ ಅಂಕಿಯೊಳಗೆ ಸಣ್ಣ ಸೋರಿಕೆ ಸುಲಭವಾಗಿ ಅಡಗಿಕೊಳ್ಳುತ್ತದೆ. ಮೀಟರ್ ಸರಿಯಿದ್ದರೆ ತಾನೇ ಅದು ಕಣ್ಣಿಗೆ ಬೀಳುವುದು.