ಇಷ್ಟು ಮಳೆ ಸುರಿಯುವ ಊರಿನಲ್ಲಿ ನೀರು ಉಳಿಸುವುದೇಕೆ, ಹೇಗೆ?

ಬೆಂಗಳೂರಿನ ನೆಂಟರಿಂದ ಹಿಡಿದು ಶಿವಮೊಗ್ಗ ಪೇಟೆಯ ಗೆಳೆಯರವರೆಗೆ ಎಲ್ಲರೂ ನನ್ನನ್ನು ಕೇಳುವುದು ಒಂದೇ: "ನಿಮ್ಮ ತೀರ್ಥಹಳ್ಳಿ ಕಡೆ ಆಕಾಶ ತೂತಾದ ಹಾಗೆ ಮಳೆ ಸುರಿಯುತ್ತದೆ, ನಿಮಗೂ ನೀರು ಉಳಿಸುವ ಚಿಂತೆಯೇ? ಉಳಿಸುವುದಾದರೂ ಮನೆಯಲ್ಲಿ ಏನು ಮಾಡುತ್ತೀರಿ?" ಮಳೆಗಾಲದಲ್ಲಿ ಬಂದು ಹೋದವರು ಎರಡನ್ನೂ ಕೇಳುತ್ತಾರೆ. ಏಪ್ರಿಲ್‌ನಲ್ಲಿ ಬಂದವರು ಎರಡನೆಯದನ್ನು ಮಾತ್ರ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವುದು ನಿಜ. ಆದರೆ ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳದ್ದು. ಅದೇ ಜಿಲ್ಲೆಯಲ್ಲಿ ಪೂರ್ವಕ್ಕೆ ಇಳಿದು ಶಿಕಾರಿಪುರ, ಭದ್ರಾವತಿ ಮುಟ್ಟುವಷ್ಟರಲ್ಲಿ ಮಳೆ ಕಾಲುಭಾಗಕ್ಕೂ ಬರುವುದಿಲ್ಲ. ನಮ್ಮ ನೆಲವಾದರೂ ಇಳಿಜಾರು, ಮೇಲೆ ಜಂಬಿಟ್ಟಿಗೆ. ನೀರನ್ನು ಬೇಗ ಒಳಗೆ ಬಿಟ್ಟುಕೊಂಡು ಅಷ್ಟೇ ಬೇಗ ಕೆಳಗಿನ ಹಳ್ಳಕ್ಕೆ ಕಳಿಸಿಬಿಡುತ್ತದೆ. ಮೊದಲು ಗದ್ದೆಗಳಲ್ಲಿ ತಿಂಗಳುಗಟ್ಟಲೆ ನೀರು ನಿಲ್ಲುತ್ತಿತ್ತು, ಅಕ್ಕಪಕ್ಕದ ಬಾವಿಗಳಿಗೆ ಅದೇ ಒರತೆ. ಈಗ ಎಷ್ಟೋ ಗದ್ದೆಗಳು ಅಡಿಕೆ ತೋಟಗಳಾಗಿವೆ. ತೋಟದಲ್ಲಿ ನೀರು ನಿಂತರೆ ಅಡಿಕೆಗೆ ಕೊಳೆ ಎಂದು ಬಸಿಗಾಲುವೆ ತೆಗೆಯುತ್ತೇವೆ. ಮಳೆಗಾಲದಲ್ಲಿ ಬಸಿದು ಹೊರಗೆ ಹಾಕಿದ ನೀರನ್ನೇ ಬೇಸಿಗೆಯಲ್ಲಿ ಬೋರ್‌ವೆಲ್ ಕೊರೆದು ಹುಡುಕುತ್ತೇವೆ.

ಇನ್ನು ಮನೆಯ ಮಾತು. ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿ ಎಂದು ಶಾಲೆಯ ಗೋಡೆಯ ಮೇಲೂ ಬರೆದಿರುತ್ತಾರೆ. ನಿಲ್ಲಿಸಬೇಕು, ತಕರಾರಿಲ್ಲ. ಆದರೆ ಅಷ್ಟಕ್ಕೇ ಸಮಾಧಾನಪಟ್ಟುಕೊಂಡರೆ ದೊಡ್ಡ ಸೋರಿಕೆಗಳು ಕಣ್ಣಿಗೆ ಬೀಳುವುದಿಲ್ಲ. ಜಲ ಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಲೆಕ್ಕ ಹಾಕಿದೆ, ಅಂದರೆ ನಾಲ್ವರ ಮನೆಗೆ 220. ಈಗ ಹಳೆಯ ಕಾಲದ ಫ್ಲಶ್ ನೋಡಿ. ಒಮ್ಮೆ ಎಳೆದರೆ ಹತ್ತು ಲೀಟರ್. ನಾಲ್ಕು ಜನ ದಿನಕ್ಕೆ ಐದೈದು ಸಲ ಎಳೆದರೆ 200 ಲೀಟರ್ ಅಲ್ಲಿಗೇ ಮುಗಿಯಿತು. ಅದರ ತೊಟ್ಟಿಯೊಳಗೆ ಮರಳು ತುಂಬಿದ ಒಂದು ಲೀಟರ್ ಬಾಟಲಿ ಇಟ್ಟರೆ ಪ್ರತಿ ಸಲವೂ ಒಂದು ಲೀಟರ್ ಉಳಿಯುತ್ತದೆ. ಹೊಸದಾಗಿ ಹಾಕಿಸುವವರು ಎರಡು ಬಟನ್ನಿನ ಫ್ಲಶ್ಶನ್ನೇ ಹಾಕಿಸಿ, ಸಣ್ಣ ಬಟನ್ನಿಗೆ ಸುಮಾರು ಮೂರು ಲೀಟರ್ ಸಾಕು.

ಮಾಡಿನ ಮೇಲಿನ ಟ್ಯಾಂಕ್ ತುಂಬಿ ಸುರಿಯುವುದು ಇದಕ್ಕಿಂತ ಕೆಟ್ಟದ್ದು. ನಿಮಿಷಕ್ಕೆ 30 ಲೀಟರ್ ಎತ್ತುವ ಮೋಟಾರನ್ನು ಹತ್ತು ನಿಮಿಷ ಮರೆತರೆ 300 ಲೀಟರ್, ಆ ಮನೆಯ ಒಂದು ದಿನದ ಪಾಲಿಗಿಂತ ಹೆಚ್ಚು. ಕರೆಂಟ್ ಯಾವಾಗ ಬರುತ್ತದೋ ಎಂದು ಸ್ವಿಚ್ ಹಾಕಿಯೇ ಇಟ್ಟು ತೋಟಕ್ಕೆ ಹೋಗುವ ನಮ್ಮ ಕಡೆಯವರಿಗೆ ಮರೆವು ಸಹಜ. ನೀರಿನ ಮಟ್ಟ ನೋಡಿ ತಾನೇ ಮೋಟಾರು ನಿಲ್ಲಿಸುವ ಸಾಧನ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ನೀರು ತರುವ ಮನೆಗಳಲ್ಲಂತೂ ಹಗಲೂ ರಾತ್ರಿ ಅದು ಹರಿಯುತ್ತಲೇ ಇರುತ್ತದೆ. ಮೋಟಾರಿಲ್ಲ, ಬಿಲ್ಲಿಲ್ಲ, ಆದ್ದರಿಂದ ಯಾರಿಗೂ ಬೇಸರವಿಲ್ಲ. ಅಲ್ಲಿಯೂ ಟ್ಯಾಂಕಿಗೆ, ತುಂಬಿದೊಡನೆ ತಾನೇ ಮುಚ್ಚಿಕೊಳ್ಳುವ ಫ್ಲೋಟ್ ವಾಲ್ವ್ ಹಾಕಿದರೆ ಬೇಡವಾದ ನೀರು ಹಳ್ಳದಲ್ಲೇ ಉಳಿಯುತ್ತದೆ, ಕೆಳಗಿನ ಮನೆಯವರಿಗೆ ಸಿಗುತ್ತದೆ. ತೊಟ್ಟಿಕ್ಕುವ ನಲ್ಲಿಯದು ಸಣ್ಣ ಲೆಕ್ಕ. ಸೆಕೆಂಡಿಗೊಂದು ಹನಿಯಾದರೆ ದಿನಕ್ಕೆ ನಾಲ್ಕು ಲೀಟರ್‌ನಷ್ಟು. ವಾಷರ್ ಬದಲಿಸಿ ಮುಂದೆ ಹೋಗಿ.

ನನಗೆ ನಿಜವಾಗಿ ಸಿಟ್ಟು ಬರಿಸುವುದು ಕುಡಿಯುವ ನೀರು ಸೋಸುವ ಆರ್‌ಒ ಯಂತ್ರ. ಒಂದು ಲೀಟರ್ ಕುಡಿಯುವ ನೀರು ಕೊಡಲು ಮನೆಬಳಕೆಯ ಸಾಮಾನ್ಯ ಯಂತ್ರ ಎರಡು ಮೂರು ಲೀಟರ್ ಹೊರಗೆ ಚೆಲ್ಲುತ್ತದೆ. ನೀರಿನಲ್ಲಿ ಕರಗಿದ ಲವಣ ವಿಪರೀತವಾಗಿರುವ ಬಯಲುಸೀಮೆಯ ಬೋರ್‌ವೆಲ್ ನೀರಿಗೆ ಅದು ಬೇಕು, ಒಪ್ಪೋಣ. ಮಲೆನಾಡಿನ ತೆರೆದ ಬಾವಿಯ ನೀರು ಸಾಮಾನ್ಯವಾಗಿ ಮೆದು, ಲವಣ ಬಹಳ ಕಡಿಮೆ. ಲೀಟರಿಗೆ 500 ಮಿಲಿಗ್ರಾಂ ಒಳಗಿನ ಲವಣವಿರುವ ಕಡೆ ಆರ್‌ಒ ಬಳಕೆಯನ್ನು ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿಯೇ ಹೇಳಿತ್ತು. "ತುಂಗಾ ಪಾನ, ಗಂಗಾ ಸ್ನಾನ" ಎನ್ನುವ ಊರಿನವರು ಆ ಸಿಹಿನೀರನ್ನು ಸೋಸಿ ಮುಕ್ಕಾಲುಪಾಲು ಚರಂಡಿಗೆ ಬಿಡುವುದಕ್ಕೆ ಏನೆನ್ನಬೇಕೋ ತಿಳಿಯದು. ಲವಣ ಅಳೆಯುವ ಪೆನ್ನಿನಂಥ ಮೀಟರ್ ದುಬಾರಿಯಲ್ಲ, ಕೊಳ್ಳುವ ಮೊದಲು ಅಳೆದು ನೋಡಿ. ಲವಣ ಕಡಿಮೆಯೆಂದರೆ ರೋಗಾಣು ಇಲ್ಲವೆಂದಲ್ಲ, ಮಳೆಗಾಲದ ಕೆಂಪು ನೀರಿನಲ್ಲಿ ಅವು ಧಾರಾಳ. ಅದಕ್ಕೆ ಕುದಿಸಿ ಆರಿಸಿದ ನೀರೇ ಮದ್ದು. ಯಂತ್ರ ಈಗಾಗಲೇ ಇದ್ದರೆ ಅದರ ಹೊರನೀರನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸಲು ಬಳಸಿ.

ಬಚ್ಚಲ ನೀರಿನ ವಿಷಯದಲ್ಲಿ ಅಜ್ಜಿಯಂದಿರು ನಮಗಿಂತ ಮುಂದಿದ್ದರು. ಬಚ್ಚಲ ಹಿಂದೆ ಬಾಳೆ, ಕೆಸು, ಬಸಳೆ ಚಪ್ಪರ ಇಲ್ಲದ ಮನೆಯೇ ಇರಲಿಲ್ಲ. ಈಗ ಕಾಂಕ್ರೀಟು ಅಂಗಳ ಮಾಡಿಸುವವರು ಆ ನೀರನ್ನು ಪೈಪಿನಲ್ಲಿ ಗುಂಡಿಗೆ ಇಳಿಸಿ, ಬಸಳೆಗೆ ಬೇರೆ ನಲ್ಲಿ ಹಾಕಿಸುತ್ತಾರೆ.

ಮಾಡಿನ ನೀರು ಹಿಡಿಯಲು ದೊಡ್ಡ ತೊಟ್ಟಿ ಕಟ್ಟಿಸಬೇಕೆಂದು ಹೆದರುವವರಿದ್ದಾರೆ. ಬೇಡ. ಜುಲೈ ತಿಂಗಳ ಮಳೆ ಹಿಡಿದಿಟ್ಟು ಏಪ್ರಿಲ್‌ಗೆ ಬಳಸುತ್ತೇನೆಂದರೆ ತೊಟ್ಟಿ ಮನೆಯಷ್ಟೇ ದೊಡ್ಡದಾಗಬೇಕು. ನಮಗೆ ಒದಗುವುದು ಏಪ್ರಿಲ್ ನಡುವಿನಿಂದ ಬರುವ ಅಶ್ವಿನಿ, ಭರಣಿ ಮಳೆ. ಸಾವಿರ ಚದರ ಅಡಿಯ ಮಾಡಿನ ಮೇಲೆ 10 ಮಿ.ಮೀ. ಬಿದ್ದರೆ ನಷ್ಟ ಕಳೆದು ಸುಮಾರು 800 ಲೀಟರ್ ಸಿಗುತ್ತದೆ. ಅಂದರೆ ಸಾವಿರ ಲೀಟರಿನ ಒಂದು ಟ್ಯಾಂಕ್ ಸಾಕು. ಬಾವಿ ತಳ ಕಂಡಿರುವ ಆ ವಾರಗಳಲ್ಲೇ ಅದು ಮತ್ತೆ ಮತ್ತೆ ತುಂಬುತ್ತದೆ. ಮಾಡಿನ ಅಂಚಿನಲ್ಲಿ ನೀರು ಹಿಡಿಯಲು ಅಡಿಕೆ ಮರ ಸೀಳಿ ಮಾಡಿದ ದಂಬೆಯಾದರೂ ಸರಿ, ಪಿವಿಸಿ ಪೈಪನ್ನು ಸೀಳಿದ್ದಾದರೂ ಸರಿ. ಹಂಚಿನ ಮೇಲಿನ ಧೂಳು, ದರಗು ತೊಳೆದು ಬರುವ ಮೊದಲ ನೀರನ್ನು ಮಾತ್ರ ಹೊರಗೆ ಬಿಡಬೇಕು.

ಇಂಗುಗುಂಡಿಯ ಬಗ್ಗೆ ಕೇಳುವವರಿಗೆ ಎರಡು ಮಾತು. ಆಷಾಢದಲ್ಲಿ ಕಟ್ಟೆಯವರೆಗೆ ತುಂಬಿದ ಬಾವಿಗೆ ಇನ್ನಷ್ಟು ನೀರು ಇಂಗಿಸಿ ಪ್ರಯೋಜನವಿಲ್ಲ. ಬೇಸಿಗೆಗೆ ಒದಗುವುದು ಹಸ್ತ, ಚಿತ್ತೆಯ ಕೊನೆಯ ಮಳೆಯನ್ನು ಇಂಗಿಸಿದ್ದು, ಮಳೆ ನಿಂತ ಮೇಲೆ ಹಳ್ಳಕ್ಕೆ ಮರಳಿನ ಚೀಲದ ಒಡ್ಡು ಕಟ್ಟಿ ನಿಲ್ಲಿಸಿದ್ದು. ಎರಡನೆಯದಾಗಿ, ಗುಡ್ಡ ಕಡಿದು ಮನೆ ಕಟ್ಟಿದವರು ಹಿಂದಿನ ಧರೆಯ, ಅಂದರೆ ಕಡಿದ ಗುಡ್ಡದ ಮಣ್ಣಿನ ಗೋಡೆಯ, ಮೇಲೆ ಗುಂಡಿಯನ್ನೇ ತೋಡಬಾರದು. ನೀರು ಕುಡಿದ ಧರೆ ಮನೆಯ ಮೇಲೇ ಕುಸಿಯುತ್ತದೆ. ಅಂಥ ಜಾಗದಲ್ಲಿ ಮಳೆನೀರನ್ನು ಚೊಕ್ಕವಾಗಿ ಚರಂಡಿ ಮಾಡಿ ಹಳ್ಳಕ್ಕೆ ದಾಟಿಸಿ, ಇಂಗಿಸುವ ಕೆಲಸವನ್ನು ಕೆಳಗಿನ ಸಮತಟ್ಟು ಜಾಗದಲ್ಲಿ ಮಾಡಿ.