ಕಾಫಿ ಕಣದಲ್ಲಿ ಕಿತ್ತಳೆ ಕಣ: ಸೌತೆಕಾಯಿ ಮಾನ ಕಳೆದದ್ದು

ಕಿತ್ತಳೆ ಸಿಪ್ಪೆಯ ಘಮ ಓಝೋನ್ ಜೊತೆ ಸೇರಿ ಗಾಳಿಯಲ್ಲಿ ತೇಲುವ ಕಣ ಆಗುತ್ತಾ ಅಂತ ನೋಡೋದು ನನ್ನ ಹುಚ್ಚು. ಅದಕ್ಕೇ ಒಂದು ಚೀಲ ಅಂಟಿಸಿ, ಇಎಸ್‌ಪಿ32 ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಪಿಎಂಎಸ್5003 ಅನ್ನೋ ಗಾಳಿಯ ಕಣ ಅಳೆಯೋ ಸೆನ್ಸರ್ ಜೋಡಿಸಿದ್ದೆ. ಚಿಕ್ಕಮಗಳೂರಿನ ಮಳೆಗಾಲ, ಕಾಫಿ ಕಣದ ಪಕ್ಕದ ಶೆಡ್ ಖಾಲಿ, ಪಾಲಿಥೀನ್ ಚೀಲ ಅಲ್ಲೇ ನೇತಾಡುತ್ತಿದೆ. "ಕಣದಲ್ಲಿ ಕಣ ಹುಡುಕ್ತಿದೀಯೇನೋ?" ಅಂತ ಅಪ್ಪನದು ದಿನಾ ಒಂದೇ ಜೋಕು.

ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿ ಬಹುಪಾಲು ಲಿಮೊನೀನ್ ಎಂಬ ಘಮದ ಅಣು. ಅದರ ಎರಡು ದ್ವಿಬಂಧಗಳನ್ನು ಓಝೋನ್ ಮುರಿಯುತ್ತದೆ. ಆಮ್ಲಜನಕ ಸೇರಿದ ಅಣುಗಳಿಗೆ ಆವಿಯಾಗಿ ತೇಲುವ ಶಕ್ತಿ ಕುಗ್ಗಿ ಕಣಗಳ ಮೇಲೆ ಕೂರುತ್ತವೆ. ಊರಿನ ಗಾಳಿಯಲ್ಲಾದರೆ ಆ ಓಝೋನನ್ನು ವಾಹನದ ಹೊಗೆ ಮತ್ತು ಬಿಸಿಲು ಸೇರಿ ತಯಾರಿಸುತ್ತವೆ. ನನಗೆ ಓಝೋನ್ ಕೊಡೋದು ತರಕಾರಿ ತೊಳೆಯೋ ಯಂತ್ರ. (ಅದನ್ನು ಮನೆಯೊಳಗೆ ಹಚ್ಚಬೇಡಿ, ಎದೆ ಉರಿಯುತ್ತೆ.)

ಹೊಸ ಕಣಗಳು ನ್ಯಾನೊಮೀಟರ್ ಲೆಕ್ಕದವು. ಈ ಸೆನ್ಸರಿಗೆ 0.3 ಮೈಕ್ರಾನ್‌ಗಿಂತ ಕೆಳಗೆ ಕಣ್ಣೇ ಕಾಣಲ್ಲ. ಅದಕ್ಕೇ ನೆಬ್ಯುಲೈಸರಿನಿಂದ ಸಲೈನ್ ಮಂಜು ಬಿಟ್ಟು, ಆ ಅಣುಗಳು ಕೂರಲಿ ಅಂತ ಉಪ್ಪಿನ ಕಣಗಳನ್ನೇ ಬೀಜವಾಗಿ ಕೊಟ್ಟೆ. ಸಿಪ್ಪೆ ಹಾಕಿದೆ, ಓಝೋನ್ ಬಿಟ್ಟೆ. 60 ಇದ್ದ ರೀಡಿಂಗು 140! ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಬೆಳಗ್ಗೆ ಓಝೋನ್ ಇಲ್ಲದೆ ಮಾಡಿ ನೋಡಿದೆ. ಆಗಲೂ 130. ಸಿಟ್ಟಿಗೆ ಅಮ್ಮನ ಕೈಯಿಂದ ಸೌತೆಕಾಯಿ ಹೋಳು ಕಿತ್ತುಕೊಂಡು ಹಾಕಿದೆ. 135. ಸೌತೆಕಾಯಿಯಲ್ಲಿ ಎಲ್ಲಿಯ ಲಿಮೊನೀನ್ ಮಾರಾಯ್ರೇ!

ತೇವದ ಮೀಟರ್ ನೋಡಿದಾಗ ಗುಟ್ಟು ಬಯಲಾಯಿತು: ಶೇ. 84. ಶೇ. 75 ದಾಟಿದರೆ ಉಪ್ಪು ನೀರು ಕುಡಿದು ಕರಗಿ ಉಬ್ಬುತ್ತದೆ, ಅಡುಗೆಮನೆಯ ಉಪ್ಪಿನ ಭರಣಿಯ ಹಾಗೇ. ಮೂರು ವಾರ ನಾನು ಅಳೆದದ್ದು ನೀರು.

ಜಾಲರಿ ಕೊಳವೆಯ ಸುತ್ತ ತೇವ ಹೀರುವ ಸಿಲಿಕಾ ಜೆಲ್ ಮಣಿ ತುಂಬಿ ಮಂಜನ್ನು ಅದರೊಳಗೆ ಹಾಯಿಸಬೇಕಾಯಿತು. ಆನ್‌ಲೈನಿನಲ್ಲಿ "ಕಡುನೀಲಿ ಮಣಿ" ಅಂತ ಮಾರಿದ ಮಹಾಶಯ ಕಳಿಸಿದ್ದು ಅಚ್ಚ ಗುಲಾಬಿ, ಅಂದರೆ ಆಗಲೇ ಹೊಟ್ಟೆತುಂಬ ನೀರು ಕುಡಿದದ್ದು. ಕೇಳಿದರೆ "ಫೋಟೋದಲ್ಲಿ ಬೆಳಕು ಹಾಗೆ ಸಾರ್" ಅಂತೆ. ಗುಜರಿಗೆ ಹೊರಟಿದ್ದ ಓವನ್ನಿನಲ್ಲಿ ಹುರಿದು ನೀಲಿ ಬರಿಸಿದೆ. ಸಿಪ್ಪೆ ಬೇಡ, ಹತ್ತಿಗೆ ಹಿಂಡಿದ ಎರಡು ಹನಿ ಎಣ್ಣೆ ಸಾಕು. ತೇವ ಶೇ. 38.

ನಿನ್ನೆ: ಓಝೋನ್ ಇಲ್ಲದೆ 62ರಿಂದ 49ಕ್ಕೆ ಇಳಿಯಿತು. ಕಮ್ಮಿಯಾದದ್ದು ಚೀಲದ ಗೋಡೆ ನುಂಗಿದ್ದು. ಚೀಲ ಉಜ್ಜಿದರೆ ಸ್ಥಿರವಿದ್ಯುತ್ತಿಗೆ ಇನ್ನೂ ಬೇಗ ನುಂಗುತ್ತೆ, ಮುಟ್ಟಬೇಡಿ. ಓಝೋನ್ ಬಿಟ್ಟಾಗ 25 ನಿಮಿಷಕ್ಕೆ 118. ಓಝೋನ್ ಜೊತೆ ಸೌತೆಕಾಯಿ? ಮಿಸುಕಲಿಲ್ಲ.

1960ರಲ್ಲಿ ಸಸ್ಯವಿಜ್ಞಾನಿ ಫ್ರಿಟ್ಸ್ ವೆಂಟ್ ಬೆಟ್ಟಗಳ ನೀಲಿ ಮಬ್ಬಿಗೆ ಗಿಡಮರಗಳ ಆವಿಯೇ ಕಾರಣ ಎಂದಿದ್ದರು. ಮುಳ್ಳಯ್ಯನಗಿರಿ ಕಡೆ ನೋಡಿದಾಗಲೆಲ್ಲ ಈಗ ಅದೇ ನೆನಪು.

ಕಣಕ್ಕೆ ವಯಸ್ಸಾಗಿಸುವುದು, ಅಂದರೆ ಹಳತಾದಂತೆ ಅದು ಹೇಗೆ ಬದಲಾಗುತ್ತೆ ಅಂತ ನೋಡುವುದು, ಬಾಕಿ ಇದೆ, ಆದರೆ ನಡುವೆ ಇನ್ನೊಂದು ಹುಳ ಹೊಕ್ಕಿದೆ: ಬಚ್ಚಲ ಹಂಡೆ ಒಲೆಯ ಹೊಗೆ. ಆ ಕಂದು ಬಣ್ಣ ಬಿಸಿಲಿಗೆ ಮಾಸುತ್ತದಂತೆ. ಫಿಲ್ಟರ್ ಕಾಗದಕ್ಕೆ ಹೊಗೆ ಹಿಡಿದು, ಅರ್ಧ ಮುಚ್ಚಿ ಬಿಸಿಲಿಗಿಡಬೇಕು. ಕಾಗದ ರೆಡಿ. ಬಿಸಿಲು ಮಾತ್ರ ಅಕ್ಟೋಬರಿಗೆ.